ಸಾವಿರ ಕುದುರೆಗೆ ಎಂಥ ಲಾಳ?

ಎಂಜಿನ್ನಿನ ಶಕ್ತಿ ಎಷ್ಟೇ ಇರಲಿ, ಅದು ನೆಲಕ್ಕೆ ದಾಟುವುದು ಟೈರುಗಳು ರಸ್ತೆಯನ್ನು ಮುಟ್ಟುವ ಒಂದಿಷ್ಟೇ ಜಾಗದ ಮೂಲಕ. ಅಮೆರಿಕದಲ್ಲಿ 800–1,000 ಅಶ್ವಶಕ್ತಿಯ ಕಾರನ್ನು ಮನೆಯಂಗಳದಲ್ಲಿ ಕಟ್ಟಿಕೊಂಡವರಿಗೆ ಈ ಸತ್ಯ ಬಹುಬೇಗ ಮನವರಿಕೆಯಾಗುತ್ತದೆ. ಪೆಡಲ್ ತುಳಿದೊಡನೆ ಸಾಮಾನ್ಯ ಟೈರು ಗಿರಗಿರನೆ ತಿರುಗಿ ಹೊಗೆಯೆಬ್ಬಿಸುತ್ತದೆಯೇ ವಿನಾ ಕಾರು ಮುಂದೆ ಚಿಮ್ಮದು. ಆಗ ಅವರ ಕಣ್ಣು ಬೀಳುವುದು ‘ಡ್ರ್ಯಾಗ್ ರೇಡಿಯಲ್’ ಎಂಬ ಟೈರಿನ ಮೇಲೆ.

ಡ್ರ್ಯಾಗ್ ರೇಸ್ ಎಂದರೆ ಸಾಂಪ್ರದಾಯಿಕವಾಗಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ನೇರ ದಾರಿಯ ಓಟ. ಬೀದಿಗಳಲ್ಲಿ ಲಂಗುಲಗಾಮಿಲ್ಲದೆ ನಡೆಯುತ್ತಿದ್ದ ಈ ಪಂದ್ಯವನ್ನು ಶಿಸ್ತಿಗೊಳಪಡಿಸಲೆಂದು ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಪಂದ್ಯ ಬೀದಿಯಿಂದ ಪಥಕ್ಕೆ ಹೋಯಿತು. ಡ್ರ್ಯಾಗ್ ರೇಡಿಯಲ್ ಮೂಲಕ ಪಥದ ಟೈರು ಬೀದಿಗೆ ಬಂದಿತೆನ್ನಬಹುದು! 2018ರ ಡಾಡ್ಜ್ ಚಾಲೆಂಜರ್ ಡೀಮನ್ ಕಾರು ಕಾರ್ಖಾನೆಯಿಂದಲೇ ನಿಟ್ಟೊ ಕಂಪನಿಯ ಇಂಥ ಟೈರು ತೊಟ್ಟು ಹೊರಬಂತು. ರೇಸ್ ಇಂಧನದಲ್ಲಿ ಅದರ ಶಕ್ತಿ 840 ಅಶ್ವಶಕ್ತಿ. 2023ರ ಡೀಮನ್ 170ರದು 1,025. ಅದಕ್ಕೆ ಮಿಕಿ ಥಾಂಪ್ಸನ್ ಟೈರು.

ಇವುಗಳ ಪಾರ್ಶ್ವದಲ್ಲಿ ‘ಡಾಟ್’ ಎಂಬ ಅಕ್ಷರಗಳಿರುತ್ತವೆ. ಕೊಳ್ಳುವವರು ಎಡವುವುದು ಇಲ್ಲೇ. ಸಾರಿಗೆ ಇಲಾಖೆ ಪರೀಕ್ಷಿಸಿ ಒತ್ತಿದ ಮುದ್ರೆಯಲ್ಲ ಅದು; ಸರ್ಕಾರದ ಮಾನದಂಡಕ್ಕೆ ತನ್ನ ಟೈರು ಒಪ್ಪುತ್ತದೆಂದು ತಯಾರಕನೇ ಕೊಟ್ಟುಕೊಂಡ ಮಾತು. ರಸ್ತೆಗಿಳಿಸಲು ಕಾನೂನು ಬಿಡುತ್ತದೆ, ಅಷ್ಟೆ. ನಿಜ ಹೇಳುವುದು ಪಕ್ಕದಲ್ಲೇ ಇರುವ ಸವೆತದ ಅಂಕಿ. ಪರೀಕ್ಷೆಯ ಮಾದರಿ ಟೈರಿಗೆ 100 ಎಂದಿಟ್ಟುಕೊಂಡರೆ, ದಿನಬಳಕೆಯ ಕಾರುಗಳ ಟೈರುಗಳಿಗೆ 400ರ ಮೇಲೆಯೂ ಇರುವುದುಂಟು. ಹಲವು ಡ್ರ್ಯಾಗ್ ರೇಡಿಯಲ್‌ಗಳಲ್ಲಿ ಅದು ಸೊನ್ನೆ!

ಹಿಡಿತ ಕೊಡುವ ಮೃದು ರಬ್ಬರು ಬೇಗ ಸವೆಯುವುದು ಸಹಜ. ಹಣದ ನಷ್ಟವನ್ನು ಹೇಗೋ ಸಹಿಸಬಹುದು. ಮಳೆಯ ಮಾತು ಬೇರೆ. ನೆಲಕ್ಕೆ ಹೆಚ್ಚು ರಬ್ಬರು ತಾಗಲೆಂದು ನೀರು ಹೊರಹಾಕುವ ಗೀರುಗಳನ್ನು ಈ ಟೈರುಗಳಲ್ಲಿ ಕಡಿಮೆ ಮಾಡಿರುತ್ತಾರೆ. ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಅಗಲವಾದ ಟೈರು ತೇಲತೊಡಗುತ್ತದೆ. ಸ್ಟಿಯರಿಂಗಾಗಲಿ ಬ್ರೇಕಾಗಲಿ ಮಾತು ಕೇಳುವುದಿಲ್ಲ. ಕೊರೆಯುವ ಚಳಿಯಲ್ಲಿ ಅದೇ ರಬ್ಬರು ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಪಥದ ಸಂಗತಿಯೇ ಬೇರೆ: ಅಲ್ಲಿ ನೆಲಕ್ಕೆ ಅಂಟು ಸಿಂಪಡಿಸಿರುತ್ತಾರೆ, ಚಾಲಕ ಚಕ್ರ ತಿರುಗಿಸಿ ಟೈರನ್ನು ಬಿಸಿಮಾಡಿಕೊಂಡೇ ಹೊರಡುತ್ತಾನೆ, ಮಳೆ ಬಂದರೆ ಪಂದ್ಯ ನಿಲ್ಲುತ್ತದೆ. ಮನೆಗೆ ಮರಳುವ ಹೆದ್ದಾರಿಯಲ್ಲಿ ಮಳೆಯನ್ನು ನಿಲ್ಲಿಸುವವರಾರು?

ಹಳೆಯ ಬಗೆಯ ಬಯಾಸ್ ಪ್ಲೈ ಟೈರು ಇದಕ್ಕಿಂತ ಮೇಲೆಂಬ ವಾದವೂ ಇದೆ. ಅದರ ಪಾರ್ಶ್ವ ಸುಕ್ಕುಗಟ್ಟಿ ಹೊರಡುವಾಗಿನ ಹೊಡೆತವನ್ನು ನುಂಗಿಕೊಳ್ಳುತ್ತದೆ. ಕೈಯಿಂದ ಗೇರ್ ಬದಲಿಸುವ ಕಾರುಗಳಿಗೆ ಅದು ಒಗ್ಗುತ್ತದೆ. ಆದರೆ ಹೆದ್ದಾರಿಯ ವೇಗದಲ್ಲಿ, ಮುಂದೆ ರೇಡಿಯಲ್, ಹಿಂದೆ ಬಯಾಸ್ ಇದ್ದ ಕಾರು ಹಿಂಬದಿಯಿಂದ ಹೊಯ್ದಾಡುತ್ತದೆ. ರಸ್ತೆಯಲ್ಲೂ ಓಡಬೇಕಾದ ಕಾರಿಗೆ ರೇಡಿಯಲ್ಲೇ ಸರಿ.

ಅದಕ್ಕಿಂತ ಸರಿಯಾದದ್ದು ಎರಡು ಜೊತೆ ಚಕ್ರ. 2005ರಲ್ಲಿ ಆರಂಭವಾದ ಹಾಟ್ ರಾಡ್ ಪತ್ರಿಕೆಯ ಡ್ರ್ಯಾಗ್ ವೀಕ್‌ನಲ್ಲಿ ಸ್ಪರ್ಧಿಗಳು ಒಂದು ಪಥದಿಂದ ಇನ್ನೊಂದಕ್ಕೆ ಅದೇ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಬೇಕು; ವಾರದಲ್ಲಿ ಸುಮಾರು ಸಾವಿರ ಮೈಲಿ. ಅತಿವೇಗದ ಆ ಕಾರುಗಳ ಬೆನ್ನಿಗೆ ಎಷ್ಟೋ ಸಲ ಪುಟ್ಟ ಟ್ರೇಲರ್ ಇರುತ್ತದೆ. ಅದರಲ್ಲಿ ಸಾಮಾನು, ಸಲಕರಣೆ, ಜೊತೆಗೆ ರೇಸಿನ ಟೈರು.