ಅತನೂರ ಸೀಮೆಯ ಗ್ರಾಮಶಾಲೆಗಳಲ್ಲಿ ಅಕ್ಷರಾಭ್ಯಾಸದ ಸಾಧನಗಳು

ಅಕ್ಷರಾಭ್ಯಾಸವು ಪ್ರಾಥಮಿಕ ಶಾಲೆಯ ಕಾರ್ಯ. ಕಾಲೇಜಿಗೂ ಅದಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ನಿಕಟವಾದುದೇ. ಪದವಿ ತರಗತಿಯಲ್ಲಿ ಇತಿಹಾಸದ ಒಂದು ಪುಟವನ್ನು ತಡವರಿಸದೆ ಓದಲಾರದ ವಿದ್ಯಾರ್ಥಿಯ ತೊಡಕು ಬಹುಮಟ್ಟಿಗೆ ಮೊದಲನೆಯ ತರಗತಿಯಲ್ಲಿ ಹುಟ್ಟಿದುದು. ಮೇಲಾಗಿ, ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಳಿನ ಉಪಾಧ್ಯಾಯರು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇಕಡಾ 75ನ್ನು ದಾಟಿದ್ದಾಗ, ಅಂದಿನ ಗುಲಬರ್ಗಾ, ಇಂದಿನ ಕಲಬುರಗಿ ಜಿಲ್ಲೆಯಲ್ಲಿ ಅದು ಸುಮಾರು 65 ಮಾತ್ರ. ಸ್ತ್ರೀಯರಲ್ಲಿ ಸುಮಾರು 55. ಆದುದರಿಂದ ಅಫಜಲಪುರ ತಾಲೂಕಿನ ಅತನೂರವನ್ನು ದೃಷ್ಟಾಂತವಾಗಿ ಇಟ್ಟುಕೊಂಡು, ಹೆಚ್ಚು ವೆಚ್ಚವಿಲ್ಲದೆ ಊರಿನಲ್ಲಿಯೇ ದೊರೆಯುವ ಬೋಧನಸಾಧನಗಳನ್ನು ಇಲ್ಲಿ ವಿಚಾರಿಸುತ್ತೇವೆ.

ಈ ಹಿಂದುಳಿಕೆಗೆ ಚಾರಿತ್ರಿಕ ಕಾರಣಗಳುಂಟು. 1948ರ ಸೆಪ್ಟೆಂಬರಿನವರೆಗೆ ಈ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿಯೇ. ಕಲಬುರಗಿಯಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯದಂತಹ ಖಾಸಗಿ ಪ್ರಯತ್ನಗಳು ನಗರದಲ್ಲಿ ದೀಪ ಹಚ್ಚಿದವಾದರೂ ಆ ಬೆಳಕು ಹಳ್ಳಿಗಳಿಗೆ ಸುಲಭವಾಗಿ ತಲಪಲಿಲ್ಲ. 1956ರ ನವೆಂಬರ್ 1ರಂದು ಈ ಭಾಗವು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಕನ್ನಡವು ಆಡಳಿತದ ಭಾಷೆಯಾಗುವ ದಾರಿ ತೆರೆಯಿತು. ಆದರೆ ಪಠ್ಯಪುಸ್ತಕದ ಕನ್ನಡವು ಇಲ್ಲಿನ ಮಗುವಿಗೆ ಅಪರಿಚಿತವಾಗಿಯೇ ಉಳಿಯಿತು.

ಸರಕಾರಿ ಶಾಲೆಗಳು ಬರುವ ಮುನ್ನ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದುದು ಅಯ್ಯಗಳ ಮಠಗಳು ಹಾಗೂ ಗಾಂವಠಿ ಶಾಲೆಗಳು. ಹುಡುಗರು ಮೊದಲು ಮರಳಿನ ಮೇಲೆ ಬೆರಳಿನಿಂದ ತೀಡಿ, ಅನಂತರ ಹಲಗೆಗೆ ಏರುತ್ತಿದ್ದರು. ಇದ್ದಿಲಿನ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಕಡತದ ಮೇಲೆ ಬಳಪದಿಂದ ಬರೆಯುವುದೂ ನಾಡಿನಲ್ಲಿ ರೂಢಿಯಲ್ಲಿತ್ತು. ಆ ಶಾಲೆಗಳ ಬಾಯಿಪಾಠವನ್ನೂ ಬೆತ್ತವನ್ನೂ ಮರಳಿ ತರಬೇಕೆಂದು ನಾವು ಹೇಳುವುದಿಲ್ಲ. ಅಲ್ಲಿಗೆ ಎಲ್ಲ ಜಾತಿಯ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾದ ಪ್ರವೇಶವಿರಲಿಲ್ಲವೆಂಬುದನ್ನೂ ಮರೆಯತಕ್ಕದ್ದಲ್ಲ. ಆದರೆ ಬರೆದು ಅಳಿಸಬಲ್ಲ ಹರವಾದ ಹಾಳೆಯ ಉಪಯೋಗ ಇಂದಿಗೂ ತಗ್ಗಿಲ್ಲ. ಮಕ್ಕಳೇ ಕೂಡಿ ಒಂದು ಕಡತವನ್ನು ಮಾಡಿದರೆ, ನಾಲ್ಕಾರು ಮಂದಿ ಸುತ್ತ ಕುಳಿತು ಒಟ್ಟಿಗೆ ಬರೆಯಬಹುದು. ತಪ್ಪಿದುದನ್ನು ಅಂಜಿಕೆಯಿಲ್ಲದೆ ಒರಸಬಹುದು.

ಹಳೆಯ ಪದ್ಧತಿಯಿಂದ ಉಳಿದಿರುವ ಇನ್ನೊಂದು ಸಾಧನವೆಂದರೆ ಸ್ವರಚಿಹ್ನೆಗಳ ಹೆಸರುಗಳು. ಕನ್ನಡದ 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದಾಗ 442 ರೂಪಗಳಾಗುತ್ತವೆ. ಇವುಗಳನ್ನು ಒಂದೊಂದಾಗಿ ನೆನಪಿಡುವುದು ಅಸಾಧ್ಯ. ಆದರೆ ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ ಎಂಬ ಹೆಸರುಗಳು ಆಕಾರವನ್ನು ಕಣ್ಣಿಗೆ ಕಟ್ಟುತ್ತವೆ. ಎತ್ತಿನ ಕೊಂಬನ್ನು ದಿನವೂ ಕಾಣುವ ಮಗುವಿಗೆ 'ಕು' ಎಂಬಲ್ಲಿನ ಕೊಂಬನ್ನು ತೋರಿಸಲು ಬೇರೆ ಚಿತ್ರಪಟ ಬೇಕಿಲ್ಲ. ಈ ಹೆಸರುಗಳನ್ನು ಬರಿಯ ರಾಗವಾಗಿ ಒಪ್ಪಿಸುವುದು ಬೇರೆ, ಅವುಗಳಿಂದ ಅಕ್ಷರವನ್ನು ಬಿಡಿಸಿ ನೋಡುವುದು ಬೇರೆ. ಕಾಗುಣಿತವನ್ನು ತಪ್ಪಿಲ್ಲದೆ ಒಪ್ಪಿಸುವ ಮಗುವೂ ಎದುರಿನ ಪದವನ್ನು ಓದಲಾರದೆ ನಿಲ್ಲುವುದುಂಟು.

ವರ್ಣಮಾಲೆಯ ಕ್ರಮವೇ ಕಲಿಕೆಯ ಕ್ರಮವಾಗಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯು ಇದನ್ನು ಚೆನ್ನಾಗಿ ತೋರಿಸಿದೆ. ಅದರಲ್ಲಿ ಮೊದಲು ಬರುವುವು ರ, ಗ, ಸ, ದ, ಅ. ಬಳಿಕ ಜ, ವ, ಮ, ಬ, ನ. ಮೊದಲ ಐದನ್ನು ಕಲಿತೊಡನೆ ಮಗು ಸರ, ಅರಸ, ಅಗಸ, ಗರಗಸ ಎಂದು ಓದುತ್ತದೆ. ಹತ್ತಾದಾಗ ದನ, ಮರ, ಜನ, ಬಸವ ಎಂಬುವೂ ಅದರ ವಶವಾಗುತ್ತವೆ. ಓದು ಎಂಬುದು ಮೊದಲ ತಿಂಗಳಿನಲ್ಲಿಯೇ ಅರ್ಥವಾಗಿ ಕೈಗೆ ಸಿಕ್ಕುವುದರಲ್ಲಿಯೇ ಈ ಕ್ರಮದ ಗುಣವಿದೆ.

ಇದೇ ತತ್ತ್ವವನ್ನು ಊರಿನ ಪದಗಳಿಗೂ ಅನ್ವಯಿಸಬಹುದು. 'ಅತನೂರ' ಎಂಬ ಹೆಸರನ್ನೇ ನೋಡಿರಿ: ಒಂದು ಸ್ವರ, ತಲಕಟ್ಟಿನ ಎರಡು ಅಕ್ಷರ, ಕೊಂಬಿನ ಇಳಿಯುಳ್ಳ ಒಂದು ಅಕ್ಷರ. ಇದನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು, ಬಿಡಿಸಿ, ಕೂಡಿಸಿ, ಇದರಲ್ಲಿನ ಅಕ್ಷರಗಳಿಂದ ಬೇರೆ ಪದಗಳನ್ನು ಕಟ್ಟಿಸಬಹುದು. ಬಸ್ಸಿನ ಫಲಕ, ಅಂಗಡಿಯ ಹೆಸರು, ತೊಗರಿಯ ಚೀಲದ ಮೇಲಿನ ಬರಹ, ಇವೆಲ್ಲ ಪಾಠಗಳೇ. ತಾನು ಆಡುವ ಮಾತು ಬರಹವಾಗಿ ನಿಲ್ಲಬಲ್ಲುದೆಂದು ಮಗು ಇಲ್ಲಿ ಕಾಣುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿಚಾರವಿದೆ. ಈ ಸೀಮೆಯ ಆಡುಮಾತಿನಲ್ಲಿ ಮನೆಯು 'ಮನಿ', ತಲೆಯು 'ತಲಿ', ಜೋಳವು 'ಜ್ವಾಳ'. ಪುಸ್ತಕದಲ್ಲಿ 'ಮನೆ' ಎಂದಿರುವುದನ್ನು ಮಗು 'ಮನಿ' ಎಂದು ಓದಿದರೆ ಅದು ಓದಿನ ದೋಷವಲ್ಲ; ಅಕ್ಷರವನ್ನು ಗುರುತಿಸಿ, ಅರ್ಥವನ್ನು ಹಿಡಿದು, ತನ್ನ ಮಾತಿನಲ್ಲಿ ನುಡಿದಿದೆ. ಅದನ್ನು ಗದರಿಸಿ ತಿದ್ದುವ ಉಪಾಧ್ಯಾಯನು ಅರಿವುಳ್ಳ ಓದುಗನನ್ನು ಮೌನಿಯನ್ನಾಗಿ ಮಾಡುತ್ತಾನೆ. 'ನಾವು ಮನಿ ಅಂತೇವಿ, ಪುಸ್ತಕದಾಗ ಮನೆ ಅಂತ ಬರೀತಾರ' ಎಂದು ಎರಡನ್ನೂ ಪಕ್ಕಪಕ್ಕಕ್ಕೆ ಬರೆದು ತೋರಿಸುವುದೇ ಸರಿಯಾದ ಮಾರ್ಗ. ಇದೇ ಜಿಲ್ಲೆಯ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವೇ ಕನ್ನಡದಲ್ಲಿ ಬಗೆಬಗೆಯ ನುಡಿಗಳಿವೆಯೆಂಬುದನ್ನು ಗುರುತಿಸಿದೆ.

ಈ ಗಡಿಸೀಮೆಯ ತರಗತಿಯಲ್ಲಿ ಮರಾಠಿ, ದಖನಿ, ಲಂಬಾಣಿ ಮನೆಮಾತಿನ ಮಕ್ಕಳೂ ಕೂಡಿರಬಹುದು. ಅವರ ಪದಗಳನ್ನೂ ಕನ್ನಡಲಿಪಿಯಲ್ಲಿ ಬರೆಯಿಸಬಹುದು. ನೀರಿಗೆ ಮರಾಠಿಯವನು 'ಪಾಣಿ' ಎನ್ನುತ್ತಾನೆ, ದಖನಿಯವನು 'ಪಾನಿ' ಎನ್ನುತ್ತಾನೆ. ಎರಡನ್ನೂ ಹಲಗೆಯ ಮೇಲೆ ಬರೆದರೆ ನ-ಣಗಳ ಭೇದವು ನಿಯಮವಿಲ್ಲದೆಯೇ ಮನದಟ್ಟಾಗುತ್ತದೆ. ಆ ಮಕ್ಕಳಿಗೂ ತರಗತಿಯಲ್ಲಿ ಒಂದು ಸ್ಥಾನ ದೊರೆಯುತ್ತದೆ. ದುಡಿಮೆಗಾಗಿ ಮುಂಬಯಿ-ಪುಣೆಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ಮರಳಿ ಬಂದಾಗ, ಬಿಟ್ಟಲ್ಲಿಂದ ಮುಂದುವರಿಯಲು ಇಂತಹ ಪರಿಚಿತ ಪದಗಳೇ ಆಸರೆ.

ಅಕ್ಷರ ಕಲಿತ ಮೇಲೆ ಓದಲು ಏನಾದರೂ ಇರಬೇಕಷ್ಟೆ. ಇತಿಹಾಸವಿಭಾಗಗಳು ನೆರವಾಗಬಹುದಾದುದು ಇಲ್ಲಿಯೇ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವನ್ನು ಕುರಿತ 1058ರ ಶಾಸನವು, ವೇದಾಧ್ಯಯನದ 200 ಹಾಗೂ ಶಾಸ್ತ್ರಾಧ್ಯಯನದ 50 ವಿದ್ಯಾರ್ಥಿಗಳೊಂದಿಗೆ 6 ಮಂದಿ ಸರಸ್ವತೀಭಂಡಾರಿಗರನ್ನು, ಎಂದರೆ ಗ್ರಂಥಪಾಲಕರನ್ನು, ಹೆಸರಿಸುತ್ತದೆ. ಆ ವಿದ್ಯಾಲಯವು ಎಲ್ಲರಿಗಾಗಿ ಇದ್ದುದಲ್ಲ. ಆದರೆ ಓದುವವರಿದ್ದಲ್ಲಿ ಗ್ರಂಥವನ್ನು ಕಾಯುವವರೂ ಇರಬೇಕೆಂಬುದನ್ನು ಅದು ಬಲ್ಲುದಾಗಿತ್ತು. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ತಮ್ಮ ಊರಿನ ಬಾವಿ, ಗುಡಿ, ದರ್ಗಾ, ಜಾತ್ರೆ, ಬೆಳೆಗಳನ್ನು ಕುರಿತು ಹಿರಿಯರಿಂದ ಕೇಳಿ, ಸಣ್ಣ ವಾಕ್ಯಗಳಲ್ಲಿ, ದಪ್ಪ ಅಕ್ಷರಗಳಲ್ಲಿ, ಒಂದೊಂದು ಪುಟವನ್ನು ಬರೆದುಕೊಡಲಿ. ಊರಿನಲ್ಲಿ ಶಾಸನವಿದ್ದರೆ ಅದರ ಸಾರವನ್ನೂ ಸೇರಿಸಲಿ; ಕಲ್ಲಿಗೆ ಬಣ್ಣವನ್ನಾಗಲಿ ಸುಣ್ಣವನ್ನಾಗಲಿ ಬಳಿಯದಂತೆ ಮಕ್ಕಳಿಗೆ ತಿಳಿಸಲಿ.

ಇಂತಹ ಇಪ್ಪತ್ತು ಪುಟಗಳನ್ನು ಹೊಲಿದರೆ ಅದು ಆ ಶಾಲೆಯ ಮೊದಲ ವಾಚನಪುಸ್ತಕವಾಗುತ್ತದೆ. ಅದನ್ನು ಓದುವ ಮಗುವಿನ ತಾಯಿಗೆ ಓದು ಬಾರದಿರಬಹುದು. ತನ್ನ ಊರಿನ ಮಾತಾದುದರಿಂದ ಆಕೆಯೂ ಕುಳಿತು ಕೇಳುವಳು. ಈ ಕೆಲಸಕ್ಕೆ ಅನುದಾನಕ್ಕಾಗಿ ಕಾಯಬೇಕಾಗಿಲ್ಲ. ಬರುವ ರಜೆಯಲ್ಲಿಯೇ ಒಂದು ಊರಿನಿಂದ ಆರಂಭಿಸಬಹುದು.