ಕ್ಯಾಮೆರಾಕ್ಕೆ ಬೀಗ ಹಾಕಿದವರು ಯಾರು?



ದಸರಾ ರಜೆಯಲ್ಲಿ ಬೆಂಗಳೂರಿನ ಬನಶಂಕರಿಗೆ, ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅಂದು ಅಕ್ಕನಿಗೆ ಕಂಪ್ಯೂಟರಿನಲ್ಲೇ ಕೆಲಸದ ಸಂದರ್ಶನ. ಇನ್ನು ಹತ್ತೇ ನಿಮಿಷ ಇದೆ, ಕ್ಯಾಮೆರಾ ಬರ್ತಾನೇ ಇಲ್ಲ! ಬೇರೆ ಪ್ರೋಗ್ರಾಮ್ ಅದನ್ನು ಬಳಸುತ್ತಿದೆ ಎಂದು ಪರದೆಯ ಮೇಲೆ ಬಂತು. ಅಕ್ಕನಿಗೆ ಅಳುವೇ ಬಂದುಬಿಟ್ಟಿತು. ತಪ್ಪು ನನ್ನದೇ. ಬೆಳಿಗ್ಗೆ ಫೋಟೋ ತೆಗೆಯುವ ಪ್ರೋಗ್ರಾಮ್ ತೆರೆದವನು ಮುಚ್ಚದೆ ಬಿಟ್ಟಿದ್ದೆ. ಓಡಿಬಂದು ಮುಚ್ಚಿದೆ. ಕೂಡಲೇ ಅಕ್ಕನ ಮುಖ ಮೂಡಿತು.

ಯಾಕೆ ಹೀಗೆ? ನಮ್ಮೂರ ಹಿಟ್ಟಿನ ಗಿರಣಿ ನೆನೆಸಿಕೊಳ್ಳಿ. ಒಬ್ಬರ ರಾಗಿ ಮುಗಿಯುವ ಮೊದಲೇ ಇನ್ನೊಬ್ಬರ ಗೋಧಿ ಸುರಿದರೆ ಎರಡೂ ಕೆಡುತ್ತವೆ. ಗಿರಣಿಯವರು ಬಿಡೋದಿಲ್ಲ. ಕಂಪ್ಯೂಟರಿನಲ್ಲಿ ಆ ಕೆಲಸ ಆಪರೇಟಿಂಗ್ ಸಿಸ್ಟಮ್‌ನದು. ಕ್ಯಾಮೆರಾ ಒಂದು ಪ್ರೋಗ್ರಾಮಿನ ಕೈಯಲ್ಲಿದ್ದರೆ, ಕೇಳಲು ಬಂದ ಇನ್ನೊಂದಕ್ಕೆ ಎಷ್ಟೋ ಸಲ ಬಿಡುವಿಲ್ಲ ಅನ್ನುತ್ತದೆ. ಇದೇ ಬೀಗ. ಪ್ರಿಂಟರಿಗಾದರೆ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸುತ್ತದೆ.

ಬೀಗ ಹಾಕಿದ ಪ್ರೋಗ್ರಾಮೇ ಅರ್ಧಕ್ಕೆ ಸತ್ತರೆ? ಅದರ ಕೈಯಲ್ಲಿದ್ದ ಕ್ಯಾಮೆರಾವನ್ನು ಸಿಸ್ಟಮ್ ಬಿಡಿಸಿಕೊಳ್ಳುತ್ತದೆ. 1991ರಲ್ಲಿ ಹುಟ್ಟಿದ ಲಿನಕ್ಸ್‌ನಲ್ಲಿ ಮೋಡೆಮ್ ಹಿಡಿದ ಪ್ರೋಗ್ರಾಮ್ ತನ್ನ ನಂಬರನ್ನು ಚೀಟಿಯಂಥ ಫೈಲಿನಲ್ಲಿ ಬರೆದಿಡುತ್ತಿತ್ತು. ಆಮೇಲೆ ಬಂದದ್ದು, ಆ ನಂಬರಿನ ಪ್ರೋಗ್ರಾಮ್ ಬದುಕಿಲ್ಲದಿದ್ದರೆ ಮಾತ್ರ ಚೀಟಿ ಅಳಿಸಿ ತಾನು ಹಿಡಿಯುತ್ತಿತ್ತು.

ಗೆಳೆಯರೇ, ಕೆಲಸ ಮುಗಿದ ಮೇಲೆ ಮುಚ್ಚಿಬಿಡಿ. ಹಿಂದೆ ಇನ್ನೊಬ್ಬರು ಕಾಯುತ್ತಿರಬಹುದು.