ಬಸಿಯ ಮೇಲಿನ ಪ್ರೇಮಿಗಳು

"ಅಮ್ಮಾ, ಹಳೇ ಸಾಮಾನಿದ್ರೆ ಕೊಡಿ, ಸ್ಟೀಲ್ ಡಬ್ಬ ಕೊಡ್ತೀನಿ!" ಈ ಕೂಗನ್ನು ನೀವೂ ಕೇಳಿರುತ್ತೀರಿ. ಹೊಸಪೇಟೆಯ ನಮ್ಮ ಮನೆಯ ಅಟ್ಟದಲ್ಲಿ ಅತ್ತೆಯವರ ಕಾಲದ ಒಂದು ಕಪ್ಪು-ಬಸಿ ಇತ್ತು. ಬಸಿಯ ನಡುವೆ ಮರದಡಿ ಕುಳಿತ ಪ್ರೇಮಿಗಳು, ಅಂಚಿಗೆ ಬಂಗಾರದ ಗೆರೆ. ಅಂಚು ಮುಕ್ಕಾಗಿತ್ತೆಂದು ಕೊಟ್ಟುಬಿಟ್ಟೆ. ಸಂಜೆ ಅತ್ತೆಯವರು, "ಅದು ನಮ್ಮವ್ವ ಕೊಟ್ಟಿದ್ದಲ್ಲೇನೆ?" ಎಂದಾಗ ಬಾಯಿ ಕಟ್ಟಿಹೋಯಿತು. ಡಬ್ಬಕ್ಕೆ ಬೇಳೆ ತುಂಬುವಾಗಲೆಲ್ಲ ಆ ಬಸಿ ನೆನಪಾಗುತ್ತೆ. ಸಂಡೂರು, ಕಂಪ್ಲಿಯ ಹಳೆಯ ಮನೆಗಳಲ್ಲೂ ಇಂಥವು ಇದ್ದಾವು. ನೀವು ನನ್ನ ಹಾಗೆ ಮಾಡಬೇಡಿ.

ಪಿಂಗಾಣಿ ನಮ್ಮ ಸೀಮೆಗೆ ಹೊಸದಲ್ಲ. ಹಂಪಿಯ ಉತ್ಖನನದಲ್ಲಿ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಆಗಿನ್ನೂ ಯೂರೋಪಿನವರಿಗೆ ಗಟ್ಟಿ ಪಿಂಗಾಣಿಯ ಗುಟ್ಟೇ ಗೊತ್ತಿರಲಿಲ್ಲ! ಜರ್ಮನಿಯ ಮೈಸೆನ್‌ನಲ್ಲಿ ಅದರ ಕಾರ್ಖಾನೆ ಶುರುವಾದದ್ದು 1710ರಲ್ಲಿ.

1774ರಲ್ಲಿ ಜರ್ಮನ್ ಕವಿ ಗಯಟೆ ವೆರ್ಟರ್ ಎಂಬ ಯುವಕನ ಕಾದಂಬರಿ ಬರೆದ. ತಾಯಿಯಿಲ್ಲದ ತಮ್ಮ-ತಂಗಿಯರಿಗೆ ರೊಟ್ಟಿ ಕೊಯ್ದು ಹಂಚುತ್ತಿದ್ದ ಲೊಟ್ಟೆಯನ್ನು ಕಂಡು ವೆರ್ಟರ್ ಮನಸೋಲುತ್ತಾನೆ. ಆದರೆ ಆಕೆಗೆ ಬೇರೊಬ್ಬನೊಡನೆ ಮದುವೆ ನಿಶ್ಚಯವಾಗಿರುತ್ತದೆ. ಕೊನೆಗೆ ಅವನು ಪ್ರಾಣವನ್ನೇ ಕಳೆದುಕೊಳ್ಳುತ್ತಾನೆ. ಜನ ಈ ಕಥೆಗೆ ಎಷ್ಟು ಮರುಳಾದರೆಂದರೆ, ಮೈಸೆನ್‌ನ ಚಹಾ ಕಪ್ಪುಗಳ ಮೇಲೂ ಅದರ ಚಿತ್ರಗಳು ಬಂದವು. ಇದೇ ಗಯಟೆ 1791ರಲ್ಲಿ ಜರ್ಮನ್ ಭಾಷೆಗೆ ಬಂದ ನಮ್ಮ ಕಾಳಿದಾಸನ ಶಾಕುಂತಲವನ್ನು ಓದಿ ಮನಸಾರೆ ಹೊಗಳಿದ.

ಪ್ರೀತಿಯ ಕಥೆಯನ್ನು ಕಣ್ಣೆದುರಿಗೆ ಬರೆಸಿಟ್ಟುಕೊಳ್ಳುವ ಆಸೆ ಅವರಿಗಷ್ಟೇ ಅಲ್ಲ. ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ ರಂಗಮಂಟಪದ ಛಾವಣಿ ನೋಡಿದ್ದೀರಲ್ಲ? ಶಿವನ ಮೇಲೆ ಹೂಬಾಣ ಹೂಡಿದ ಮನ್ಮಥ, ಗಿರಿಜಾಕಲ್ಯಾಣ ಎಲ್ಲ ಅಲ್ಲಿವೆ.

ನಿಮ್ಮ ಅಟ್ಟದಲ್ಲೂ ಇಂಥದೊಂದಿದ್ದರೆ ಮೊದಲು ತಿರುವಿ ತಳ ನೋಡಿ. 'ಮೇಡ್ ಇನ್ ಜರ್ಮನಿ' ಎಂದಿದ್ದರೆ ಅದು ಸಾಮಾನ್ಯವಾಗಿ 1887ರ ಈಚಿನದು. ಆ ವರ್ಷದ ಬ್ರಿಟಿಷ್ ಕಾನೂನಿನಿಂದ ಹಾಗೆ ನಮೂದಿಸುವ ರೂಢಿ ಬಂತು. ಅಡ್ಡಡ್ಡ ಎರಡು ಕತ್ತಿಗಳು ಮೈಸೆನ್ನಿನ ಗುರುತು. ಹಾಗಂತ ಹಿಗ್ಗಬೇಡಿ, ಅದನ್ನು ನಕಲು ಮಾಡಿದವರು ಬಹಳ. ಭೂತಗನ್ನಡಿಯಲ್ಲಿ ಚಿತ್ರ ಸಣ್ಣ ಸಣ್ಣ ಚುಕ್ಕೆಗಳಾಗಿ ಕಂಡರೆ ಅಚ್ಚಿನದು, ಕುಂಚದ ಎಳೆ ಕಂಡರೆ ಕೈಯಲ್ಲಿ ಬರೆದದ್ದು.

ಇನ್ನು ಜೋಪಾನದ ಮಾತು. ಬಣ್ಣ, ಬಂಗಾರ ಎರಡನ್ನೂ ಹೊಳಪಿನ ಮೇಲೆ ಬರೆದು ಕಡಿಮೆ ಕಾವಿನಲ್ಲಿ ಸುಟ್ಟಿರುತ್ತಾರೆ. ಆದ್ದರಿಂದ ಹುಣಸೆಹಣ್ಣು, ಬೂದಿ, ನಾರು ಹಾಕಿ ತಿಕ್ಕಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತಗೆ ತೊಳೆದು ಒರೆಸಿ. ಒಂದರ ಮೇಲೊಂದು ಇಡುವಾಗ ನಡುವೆ ಹಳೇ ಬಟ್ಟೆಯ ತುಂಡು ಇರಲಿ. ಮುಖ್ಯವಾದದ್ದು: ಹಳೆಯ ಬಣ್ಣಗಳಲ್ಲಿ ಸೀಸ ಇರುವುದುಂಟು. ಉಪ್ಪಿನಕಾಯಿ, ಸಾರು, ನಿಂಬೆ ಷರಬತ್ತು ಇದರಲ್ಲಿ ಖಂಡಿತ ಬೇಡ. ಮಕ್ಕಳಿಗೆ ಹಾಲನ್ನೂ ಕೊಡಬೇಡಿ. ಇದು ನೋಡುವುದಕ್ಕೆ, ಉಣ್ಣುವುದಕ್ಕಲ್ಲ.

ಇದನ್ನು ಮಾರಿ ಲಕ್ಷಾಧೀಶರಾಗುತ್ತೀರೆಂದು ನಾನು ಹೇಳುತ್ತಿಲ್ಲ. ಮುಕ್ಕಾದದ್ದಕ್ಕೆ ಬೆಲೆ ಕಡಿಮೆಯೇ. ಆದರೆ ಅದನ್ನು ಯಾರು ಕೊಟ್ಟರು, ಯಾವ ಮದುವೆಯಲ್ಲಿ ಬಂತು ಎಂದು ಹೇಳಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇದ್ದಾರಲ್ಲ? ಇವತ್ತೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಕಪ್ಪಿನೊಳಗೆ ಇಡಿ. ನಾನು ಕೇಳಿದ್ದು ಬಸಿ ಹೋದ ಮೇಲೆ.